ಬಿಸಾಡಿದ ಮಾಸ್ಕ್ ಮತ್ತು ನಮ್ಮ ಮನಸ್ಸಾಕ್ಷಿ



ಮುರಿದ ಜಪಸರ, ಹಾಳೆ ಕಿತ್ತುಹೋದ ಪ್ರಾರ್ಥನಾ ಪುಸ್ತಕ, ಕಳೆದ ವರ್ಷದ ಒಣಗಿದ ಗರಿ. ಇವನ್ನೆಲ್ಲ ಏನು ಮಾಡಬೇಕೆಂದು ನೀವು ಗುರುಗಳ ಬಳಿ ಬಂದು ಕೇಳುತ್ತೀರಿ. ಕಸದ ಬುಟ್ಟಿಗೆ ಹಾಕಲು ನಿಮಗೆ ಮನಸ್ಸು ಬರುವುದಿಲ್ಲ. ಗರಿಯನ್ನು ಸುಟ್ಟು ವಿಭೂತಿ ಬುಧವಾರಕ್ಕೆ ಬೂದಿ ಮಾಡುತ್ತೇವೆ; ಆಶೀರ್ವದಿಸಿದ ಇತರ ವಸ್ತುಗಳನ್ನು ಸುಡುತ್ತೇವೆ, ಇಲ್ಲವೇ ಮಣ್ಣಿನಲ್ಲಿ ಹೂಳುತ್ತೇವೆ. ಉಪಯೋಗ ಮುಗಿದ ಮೇಲೂ ವಸ್ತುವಿನ ಬಗ್ಗೆ ನಮಗೊಂದು ಕರ್ತವ್ಯ ಉಳಿದಿರುತ್ತದೆ ಎಂಬುದನ್ನು ಕಥೋಲಿಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಮುಖದಿಂದ ತೆಗೆದ ಮಾಸ್ಕನ್ನು ಏನು ಮಾಡಬೇಕೆಂದು ಕೇಳಿಕೊಂಡು ಬಂದವರನ್ನು ನಾನಿನ್ನೂ ಕಂಡಿಲ್ಲ.

"ಕೊರೋನಾ ಮುಗಿಯಿತಲ್ಲ ಫಾದರ್, ಈಗೇಕೆ ಆ ಮಾತು?" ಎನ್ನುವಿರಿ. ಅದರ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಘೋಷಿಸಿದ್ದು ನಿಜ. ಆದರೆ ಮಾಸ್ಕ್ ನಮ್ಮ ಮನೆಗಳಿಂದ ಹೋಗಿಲ್ಲ. ಕ್ಷಯರೋಗಕ್ಕೆ ಮಾತ್ರೆ ನುಂಗುತ್ತಿರುವ ತಂದೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ತಾಯಿ, ಧೂಳಿನಲ್ಲಿ ಸ್ಕೂಟರ್ ಓಡಿಸುವ ಮಗ, ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವ ನಾವೆಲ್ಲ ಅದನ್ನು ಧರಿಸುತ್ತಲೇ ಇದ್ದೇವೆ. ನೋಡಲು ಬಟ್ಟೆಯಂತಿದ್ದರೂ ಅಂಗಡಿಯ ಮೂರು ಪದರದ ಮಾಸ್ಕ್ ಬಟ್ಟೆಯಲ್ಲ. ಅದು ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್. ಸಿಮೆಂಟ್ ಚೀಲ ನೇಯುವುದೂ ಅದರಿಂದಲೇ. ಮಣ್ಣಿಗೆ ಬಿದ್ದರೆ ಕೊಳೆಯದು, ಸಣ್ಣ ಸಣ್ಣ ಎಳೆಗಳಾಗಿ ಹರಿದು ಅಲ್ಲಿಯೇ ಉಳಿಯುತ್ತದೆ.

ಧರ್ಮೋಪದೇಶಕಾಂಡದ ಇಪ್ಪತ್ತಮೂರನೆಯ ಅಧ್ಯಾಯವನ್ನು ತೆರೆದು ನೋಡಿರಿ. ಪಾಳೆಯದಲ್ಲಿರುವ ಇಸ್ರಯೇಲರು ಶೌಚಕ್ಕೆ ಹೊರಗೆ ಹೋಗಬೇಕು, ಆಯುಧಗಳ ಜೊತೆ ನೆಲ ಅಗೆಯುವ ಸಲಕರಣೆಯೊಂದನ್ನೂ ಇಟ್ಟುಕೊಂಡಿರಬೇಕು, ತಮ್ಮ ಹೊಲಸನ್ನು ತಾವೇ ಮಣ್ಣಿನಿಂದ ಮುಚ್ಚಬೇಕು ಎಂದು ಅಲ್ಲಿ ಆಜ್ಞೆಯಿದೆ. ಪೂಜೆಯಲ್ಲಿ ಈ ಭಾಗವನ್ನು ನಾವು ಓದುವುದಿಲ್ಲ, ಓದಿದರೆ ಮಕ್ಕಳು ನಗುತ್ತಾರೆ. ಆದರೆ ಆಜ್ಞೆಗೆ ಕೊಟ್ಟ ಕಾರಣವನ್ನು ಗಮನಿಸಿರಿ. ರೋಗ ಬರುತ್ತದೆಂದಲ್ಲ, ದುರ್ವಾಸನೆಯೆಂದೂ ಅಲ್ಲ. ಆ ಪಾಳೆಯದ ನಡುವೆ ದೇವರು ಸಂಚರಿಸುತ್ತಾರೆ, ಅದಕ್ಕಾಗಿ.

ಇಂದು ನಮ್ಮ ಬೀದಿಯಲ್ಲಿ ಸಂಚರಿಸುವವರು ಯಾರು? ಬೆಳಿಗ್ಗೆ ಕಸದ ಗಾಡಿಯೊಂದಿಗೆ ಬರುವ ಪೌರಕಾರ್ಮಿಕರು. ಹಲವು ಧರ್ಮಕೇಂದ್ರಗಳಲ್ಲಿ ಅವರು ನಮ್ಮವರೇ. ನಾವು ಹಸಿಕಸದ ನಡುವೆ ತುರುಕಿದ ಒದ್ದೆ ಮಾಸ್ಕನ್ನು ಕೈಯಿಂದ ಹೆಕ್ಕಿ ತೆಗೆಯುವವರು ಅವರು. ಭಾನುವಾರ ಪರಮಪ್ರಸಾದದ ಸಾಲಿನಲ್ಲಿ ನಿಮ್ಮ ಮುಂದೆ ನಿಂತು ಅದೇ ಕೈಯನ್ನು ಚಾಚುತ್ತಾರೆ. ಸ್ವಾಮಿಯ ಶರೀರವನ್ನು ಸ್ವೀಕರಿಸುವ ಆ ಕೈಗೆ ಸೋಮವಾರ ನಾವು ಏನನ್ನು ಕೊಡುತ್ತೇವೆ?

ಅವರಿಗೆ ಕ್ರಿಸ್ಮಸ್‌ಗೆ ಸೀರೆ ಕೊಡುವವರಿದ್ದಾರೆ, ಒಳ್ಳೆಯದೇ. ಆದರೆ ಸೀರೆ ಕೊಡುವುದು ದಾನ, ಕಸವನ್ನು ಬೇರ್ಪಡಿಸಿ ಕೊಡುವುದು ನ್ಯಾಯ. ಅವರವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದೇ ನ್ಯಾಯವೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು. ಮೊದಲು ಸಲ್ಲಬೇಕಾದದ್ದನ್ನು ತಡೆಹಿಡಿದು ಆಮೇಲೆ ದಾನ ಮಾಡಿದರೆ ಸಾಲ ತೀರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕಷ್ಟದ ಕೆಲಸವೇನಲ್ಲ. ಮಾಸ್ಕಿನ ಮುಂಭಾಗ ಮುಟ್ಟದೆ ಕಿವಿಯ ದಾರ ಹಿಡಿದು ತೆಗೆಯಿರಿ. ಒಳಬದಿಗೆ ಮಡಚಿ ಕಾಗದದ ಚೀಲದಲ್ಲಿ ಹಾಕಿ, ಕೈಯನ್ನು ಸೋಪಿನಿಂದ ತೊಳೆಯಿರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಹೇಳಿದ್ದು ಇದು: ಕನಿಷ್ಠ 72 ಗಂಟೆ ಹಾಗೆಯೇ ಇಟ್ಟು, ಯಾರೂ ಮರುಬಳಕೆ ಮಾಡದಂತೆ ಕತ್ತರಿಸಿ, ಒಣಕಸದೊಂದಿಗೆ ಕೊಡಬೇಕು. ಕತ್ತರಿಸುವಾಗ ಕಿವಿಯ ದಾರವನ್ನೂ ತುಂಡು ಮಾಡಿರಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಡಲಹಕ್ಕಿಯ ಕಾಲುಗಳು ಇಂಥ ದಾರದಲ್ಲಿ ಸಿಕ್ಕಿ ಊದಿಕೊಂಡಿದ್ದವು. ಡಯಾಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಕೊಡುವ ಪದ್ಧತಿ ನಿಮ್ಮ ಊರಿನಲ್ಲಿದ್ದರೆ ಮಾಸ್ಕಿಗೂ ಅದೇ ಗುರುತು ಹಾಕಿರಿ, ತೆಗೆದುಕೊಳ್ಳುವವರಿಗೆ ಎಚ್ಚರಿಕೆಯಾಗುತ್ತದೆ. ಆಸ್ಪತ್ರೆಯಲ್ಲಿ ಧರಿಸಿದ್ದನ್ನು ಮನೆಗೆ ತರದೆ ಅಲ್ಲಿಯ ಹಳದಿ ಚೀಲಕ್ಕೆ ಹಾಕಿಬನ್ನಿ. ಗರಿಯನ್ನು ಸುಟ್ಟಂತೆ ಇದನ್ನು ಹಿತ್ತಲಲ್ಲಿ ಸುಡಬಾರದು. ಪ್ಲಾಸ್ಟಿಕ್ಕಿನ ಹೊಗೆ ಮೊದಲು ಸೇರುವುದು ನಿಮ್ಮ ಮಕ್ಕಳ ಎದೆಯನ್ನೇ. ಹತ್ತಿಯ ಮಾಸ್ಕಾದರೆ ತೊಳೆದು ಮತ್ತೆ ಬಳಸಬಹುದು.

ಯೇಸುಸ್ವಾಮಿಯ ಬರಿದಾದ ಸಮಾಧಿಯಲ್ಲಿ ತಲೆಗೆ ಸುತ್ತಿದ್ದ ವಸ್ತ್ರ ಬೇರೆಯಾಗಿ ಸುತ್ತಿಟ್ಟಿತ್ತು ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಅದನ್ನು ಮಾಸ್ಕಿಗೆ ಎಳೆದು ತಂದರೆ ಸೆಮಿನರಿಯ ನನ್ನ ಬೈಬಲ್ ಪ್ರಾಧ್ಯಾಪಕರು ಒಪ್ಪಲಾರರು. ಆದರೂ ಪುನರುತ್ಥಾನದ ಆ ಮುಂಜಾನೆಯೂ ಮುಖದ ಬಟ್ಟೆ ಎಲ್ಲೆಂದರಲ್ಲಿ ಬಿದ್ದಿರಲಿಲ್ಲ ಎಂಬುದು ನನಗೆ ಹಿಡಿಸಿದ ಸಂಗತಿ.

ಇನ್ನೊಂದು ಮಾತು, ಇದೇ ಹೆಚ್ಚು ಭಾರವಾದದ್ದು. ಅಸಡ್ಡೆಯಿಂದಲ್ಲ, ನಾಚಿಕೆಯಿಂದ ಮಾಸ್ಕನ್ನು ಕತ್ತಲಲ್ಲಿ ಖಾಲಿ ಸೈಟಿಗೆ ಎಸೆಯುವ ಮನೆಗಳೂ ಇವೆ. ಮನೆಯಲ್ಲಿ ಕ್ಷಯವಿದೆ ಎಂಬುದು ನೆರೆಹೊರೆಗೆ ತಿಳಿದರೆ ಮಗಳ ಮದುವೆಗೆ ತೊಡಕಾದೀತು, ಬಾಡಿಗೆ ಮನೆ ಬಿಡಿಸಿಯಾರು ಎಂಬ ಭಯ. 2020ರಲ್ಲಿ ಬಾಗಿಲುಗಳ ಮೇಲೆ ಕ್ವಾರಂಟೈನ್ ಚೀಟಿ ಅಂಟಿಸಿದ್ದನ್ನು ನಾವು ಮರೆತಿಲ್ಲ. ಆ ಮನೆಗಳತ್ತ ನಾವು ನೋಡಿದ ನೋಟವನ್ನು ಅವರೂ ಮರೆತಿಲ್ಲ. ಅಂಥವರಿಗೆ ಕಸದ ನಿಯಮ ಹೇಳುವ ಮೊದಲು ನಾವು ಅವರ ಮನೆಯ ಹೊಸ್ತಿಲು ದಾಟಬೇಕಾಗಿದೆ. ಯೇಸು ಕುಷ್ಠರೋಗಿಯನ್ನು ದೂರದಿಂದಲೇ ಗುಣಪಡಿಸಬಹುದಿತ್ತು, ಆದರೆ ಮುಟ್ಟಿದರು. ನೆರೆಯವರು ಒಂದು ಪಾತ್ರೆ ಗಂಜಿ ಹಿಡಿದು ಬಂದು ಕುಳಿತ ಮನೆಯಲ್ಲಿ ಬಚ್ಚಿಡುವ ಅಗತ್ಯ ಕಡಿಮೆಯಾಗುತ್ತದೆ. ನಾಚಿಕೆಯಲ್ಲಿರುವವರಿಗೂ ಒಂದು ಮಾತು: ಕೆಂಪು ಗುರುತಿನ ಪೊಟ್ಟಣ ನಿಮ್ಮ ರೋಗದ ಹೆಸರು ಹೇಳುವುದಿಲ್ಲ. ಎಳೆಯ ಮಗುವಿರುವ ಮನೆಯಿಂದಲೂ ಅಂಥದೇ ಪೊಟ್ಟಣ ಹೊರಡುತ್ತದೆ.

ಪೊಟ್ಟಣವನ್ನು ಸುತ್ತುವವರು ಮಾತ್ರ ಮಾಸ್ಕ್ ಧರಿಸಿದವರೇ ಆಗಿರಲಿ. ಮನೆಗೆಲಸಕ್ಕೆ ಬರುವಾಕೆಯ ಪಾಲಿಗೆ ಅದನ್ನು ಬಿಡಬೇಡಿರಿ.