ನೋಡುವವರು, ನೋಡಿಸಿಕೊಂಡವರು

ಯಾವ ಕೆಲಸವೂ ಇಲ್ಲದೆ, ಯಾರನ್ನೂ ಜೊತೆಗೆ ಕರೆದುಕೊಳ್ಳದೆ, ಬರೀ ನೋಡುವುದಕ್ಕಾಗಿ ದೂರದ ಊರಿಗೆ ಹೋಗುವ ಹಕ್ಕು ನಮಗೆ ಇದೆಯೇ? ಇದ್ದರೆ, ಹಾಗೆ ನೋಡಿ ಬಂದವರ ಮೇಲೆ ಆ ಊರಿನ ಋಣ ಏನಾದರೂ ಉಳಿಯುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಗೆಳೆಯರ ಮುಂದೆ ಇಡುತ್ತಿದ್ದೇವೆ.

ಮೊದಲಿಗೆ ಒಂದು ಮಾತು. ನಮ್ಮ ಹಿರಿಯರು ಊರು ಬಿಟ್ಟು ತಿರುಗಾಡಲೇ ಇಲ್ಲ ಅಂತ ಯಾರೂ ತಿಳಿಯಬಾರದು. ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿ ತಾಂಡಾಗಳಿಂದ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಾಕ ಹೋದವರ ಲೆಕ್ಕ ಇಟ್ಟವರಾರು? ಸಮುದ್ರ ನೋಡಿದವರು ಅವರಲ್ಲಿ ಬೇಕಾದಷ್ಟು ಮಂದಿ. ತಲೆ ಮೇಲೆ ಉಸುಕಿನ ಬುಟ್ಟಿ ಇಟ್ಟುಕೊಂಡು ನೋಡಿದರು, ಅಷ್ಟೇ. ಅದಕ್ಕೆ ಪ್ರವಾಸ ಅನ್ನೋದಿಲ್ಲ, ಗುಳೆ ಅಂತಾರೆ. ಇನ್ನು ಜಾತ್ರೆಗೆ ಹೋದರೆ ಬಂಡಿ ತುಂಬ ಮಂದಿ, ಸಾವಿಗೆ ಹೋದರೆ ಓಣಿಗೆ ಓಣಿ. ಒಬ್ಬರೇ ಹೊರಟರು ಅಂದರೆ ಹರಕೆ ಹೊತ್ತವರು, ಇಲ್ಲಾ ಸಾಹುಕಾರನ ಸಾಲಕ್ಕೆ ಹೆದರಿ ಊರು ಬಿಟ್ಟವರು.

ಇವರ ಮೊಮ್ಮಕ್ಕಳು ಓದಿ ನೌಕರಿ ಹಿಡಿದಿದ್ದಾರೆ. ಅವರ ಬಾಯಲ್ಲಿ ಈಗ ನವೋಷಿಮಾ ಅನ್ನುವ ಹೆಸರು ಬರುತ್ತದೆ. ಜಪಾನಿನ ಒಳಸಮುದ್ರದ ಒಂದು ಸಣ್ಣ ನಡುಗಡ್ಡೆ ಅದು, ಜನಸಂಖ್ಯೆ ಸುಮಾರು ಮೂರು ಸಾವಿರ. ನಮ್ಮ ಒಂದು ಮಧ್ಯಮ ಹಳ್ಳಿಯಷ್ಟು. 1992ರಲ್ಲಿ ಅಲ್ಲಿ ಬೆನೆಸ್ಸೆ ಹೌಸ್ ಎಂಬ ಕಲಾಮಂದಿರ ಎದ್ದಿತು. 2004ರಲ್ಲಿ ಚಿಚು ಮ್ಯೂಸಿಯಂ ಬಂತು. ಎರಡನ್ನೂ ಕಟ್ಟಿದ ವಾಸ್ತುಶಿಲ್ಪಿ ತದಾವೊ ಆಂಡೊ. ಚಿಚು ಬಹುಪಾಲು ನೆಲದೊಳಗೇ ಇದೆ. ಅಲ್ಲಿ ಮೋನೆಯ ಚಿತ್ರಗಳನ್ನು ಹಗಲಿನ ಬೆಳಕಿನಲ್ಲೇ ನೋಡಬೇಕು, ಮೋಡ ಕವಿದರೆ ಚಿತ್ರವೂ ಕಪ್ಪಿಡುತ್ತದೆ. ಸಮುದ್ರದ ದಂಡೆಗೆ ಯಾಯೊಯಿ ಕುಸಾಮಾ ಮಾಡಿದ ಹಳದಿ ಕುಂಬಳಕಾಯಿ ಕೂತಿದೆ. 2021ರ ಬಿರುಗಾಳಿ ಅದನ್ನು ಕಡಲಿಗೆ ಎಳೆದುಹಾಕಿತ್ತು, 2022ರಲ್ಲಿ ಮತ್ತೆ ತಂದು ಕೂಡಿಸಿದರು. ಇದನ್ನೆಲ್ಲ ನೋಡಲು ಜಗತ್ತಿನ ನಾನಾ ಕಡೆಯಿಂದ ಜನ ಬರುತ್ತಾರೆ. ಒಬ್ಬೊಬ್ಬರೇ ಬರುವವರೂ ಬಹಳ.

ಇದನ್ನು ಕೇಳಿದ ಕೂಡಲೆ ನಮ್ಮೊಳಗಿನಿಂದಲೇ ಒಂದು ದನಿ ಏಳುತ್ತದೆ: "ಹೊಟ್ಟಿಗಿ ಹಿಟ್ಟಿಲ್ಲದವರಿಗೆ ಜುಟ್ಟಿಗಿ ಮಲ್ಲಿಗಿ ಯಾಕ? ಆ ರೊಕ್ಕದಾಗ ಕೇರಿಯ ನಾಕು ಹುಡುಗರ ಫೀ ಕಟ್ಟಬಹುದಲ್ಲ?" ಈ ಮಾತನ್ನು ತಳ್ಳಿಹಾಕುವಂತಿಲ್ಲ. ಮೊದಲು ಓದಿದವರ ರೊಕ್ಕದ ಮೇಲೆ ಹಿಂದೆ ಉಳಿದವರ ಹಕ್ಕು ಇದ್ದೇ ಇದೆ. ಆದರೆ ಈ ಗಾದೆಯನ್ನು ಯಾರು ಯಾರಿಗೆ ಹೇಳುತ್ತ ಬಂದಿದ್ದಾರೆ ನೋಡ್ರಿ. ಉಳ್ಳವನ ಮಗ ವಿಲಾಯತಿಗೆ ಹೋಗಿ ಚಿತ್ರ ನೋಡಿ ಬಂದರೆ ಅದು ಸಂಸ್ಕಾರ. ನಮ್ಮ ಮಗಳು ಹೋದರೆ ಶೋಕಿ. ನಮಗೆ ಹಿಟ್ಟಿನ ಲೆಕ್ಕ ಮಾತ್ರ, ಹೂವಿನ ಲೆಕ್ಕ ಬೇರೆಯವರದು ಎಂಬ ಈ ಹಂಚಿಕೆಯೇ ವರ್ಣವ್ಯವಸ್ಥೆಯ ಒಳಗುಟ್ಟು.

ಲಕ್ಕುಂಡಿಯನ್ನೇ ತೆಗೆದುಕೊಳ್ಳಿ. ಗದಗಿನಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿ. ಅಲ್ಲಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯನ್ನು ಬಳ್ಳಿಗೆ ಬಳ್ಳಿ, ಎಲೆಗೆ ಎಲೆ ನೋಡುತ್ತ ಹೋದರೆ ಒಂದು ಹೊತ್ತು ಸಾಲದು. ಲಕ್ಷ್ಮೇಶ್ವರದ ಸೋಮೇಶ್ವರ, ಗದಗಿನ ತ್ರಿಕೂಟೇಶ್ವರ ಇವೂ ಅಂಥವೇ. ಈ ಗುಡಿಗಳ ಮೇಲೆ ಬಂದ ಬರವಣಿಗೆಯಲ್ಲಿ ರಾಜರ ಹೆಸರಿದೆ, ದಾನ ಕೊಟ್ಟವರ ಹೆಸರಿದೆ. ಕಣಿಯಿಂದ ಕಲ್ಲು ಎಬ್ಬಿಸಿದವರು, ಬಂಡಿಗೆ ಹೇರಿದವರು, ಎತ್ತಿನ ಕೊರಳ ಮಿಣಿಗೆ ತೊಗಲು ಹದ ಮಾಡಿ ಕೊಟ್ಟವರು ಎಲ್ಲಿ? ಕಲ್ಲು ಹೊತ್ತ ಕುಲ ಗುಡಿ ಮುಗಿದ ಮೇಲೆ ಹೊರಗೆ ಉಳಿಯಿತು.

1947ರಲ್ಲಿ ಮುಂಬಯಿ ಪ್ರಾಂತ ಹರಿಜನ ದೇವಾಲಯ ಪ್ರವೇಶದ ಕಾಯ್ದೆ ಮಾಡಿತು. ಗದಗು ಆಗ ಆ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು; ಸಂಸ್ಥಾನಗಳು ಕೂಡಿಕೊಂಡದ್ದು 1948ರಲ್ಲಿ. 1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನೇ ಅಳಿಸಿತು. ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೆ ಕಾಯ್ದೆಯ ಬಲದಿಂದ ಗುಂಪಾಗಿ, ಪೊಲೀಸರ ಸಂಗಡ ಒಳಗೆ ಹೋಗುವುದು ಬೇರೆ. ಒಬ್ಬರೇ ಹೋಗಿ ಒಂದು ಕಂಬದ ಮುಂದೆ ಸುಮ್ಮನೆ ಒಂದು ತಾಸು ನಿಲ್ಲುವುದು ಬೇರೆ. ಮೊದಲನೆಯದು ಹೋರಾಟ. ಆ ಹೋರಾಟ ಗೆದ್ದಿತೋ ಇಲ್ಲವೋ ಅನ್ನುವುದಕ್ಕೆ ಎರಡನೆಯದೇ ಒರೆಗಲ್ಲು.

ಯಾಕೆಂದರೆ ಒಬ್ಬರೇ ನಿಂತವರನ್ನು ನಮ್ಮ ಸಮಾಜ ಹಾಗೇ ಬಿಡುವುದಿಲ್ಲ. "ಯಾವೂರವಾ? ಯಾರ ಪೈಕಿ? ಒಬ್ಬಾಕಿನ ಬಂದೀಯೇನು?" ಮೂರೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕರೂ ಸಮಾಧಾನವಿಲ್ಲ. ಬೇಕಾದದ್ದು ಎರಡನೆಯದರ ಉತ್ತರ. ಮೂರನೆಯದು ಹೆಣ್ಣುಮಕ್ಕಳಿಗೆ ಮಾತ್ರ. ಹೆಣ್ಣು ಒಬ್ಬಳೇ ನಿಂತು ಕಲ್ಲನ್ನು ನೋಡುತ್ತಿದ್ದರೆ, ಕಲ್ಲು ಬಿಟ್ಟು ಅವಳನ್ನೇ ನೋಡುವವರು ಹತ್ತು ಮಂದಿ. ಹುಟ್ಟಿದಾಗಿನಿಂದ ನೋಡಿಸಿಕೊಂಡೇ ಬಂದವರು ನಾವು. ಮೈಬಣ್ಣ ನೋಡಿದರು, ತೊಟ್ಟ ಬಟ್ಟೆ ನೋಡಿದರು, ಕಾಲಲ್ಲಿ ಚಪ್ಪಲಿ ಇದೆಯೇ ಎಂದು ನೋಡಿದರು. ಹೀಗೆ ನೋಡಿಸಿಕೊಂಡವರು ಒಮ್ಮೆ ತಾವೇ ಕಣ್ಣೆತ್ತಿ, ಯಾರ ಅಪ್ಪಣೆಯೂ ಇಲ್ಲದೆ, ಚೆಂದದ್ದೊಂದನ್ನು ನೋಡುತ್ತ ನಿಲ್ಲುವುದು ಸಣ್ಣ ಮಾತಲ್ಲ. ಪಾಸ್‌ಪೋರ್ಟಿನಲ್ಲಿ "ಯಾರ ಪೈಕಿ" ಎಂಬ ಅಂಕಣವಿಲ್ಲ. ಯಾರೂ ತನ್ನ ಕುಲ ಕೇಳದ ಊರಿಗೆ ಹೋಗಬೇಕು ಅನ್ನುವ ಆಸೆಯನ್ನು ನಾವು ಶೋಕಿ ಅನ್ನಲಾರೆವು. ಮೊದಲನೆಯ ಪ್ರಶ್ನೆಗೆ ಇದೇ ನಮ್ಮ ಉತ್ತರ: ಹಕ್ಕು ಇದೆ.

ಆದರೆ ಜಪಾನು ಕುಲ ಕೇಳದ ನಾಡೇ? ಅಲ್ಲೂ ತೊಗಲಿನ ಕೆಲಸ, ಕಸಾಯಿ ಕೆಲಸ ಮಾಡುವವರನ್ನು ಹೊಲೆ ಎಂದು ದೂರವಿಟ್ಟರು. ಅವರೇ ಬುರಾಕು ಜನ. 1871ರಲ್ಲಿ ಸರಕಾರ ಆ ಭೇದ ರದ್ದಾಯಿತೆಂದು ಸಾರಿತು, ಊರು ಒಪ್ಪಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಅವರು ಸುಯಿಹೇಯ್‌ಷಾ ಎಂಬ ಸಂಘಟನೆ ಕಟ್ಟಿದರು. ನಮ್ಮ ಮಹಾಡ್ ಕೆರೆಯ ಹೋರಾಟಕ್ಕೆ ಐದು ವರ್ಷ ಮೊದಲಿನ ಮಾತಿದು. ಕಲೆಯ ನಡುಗಡ್ಡೆಗಳಿಗೆ ಹಡಗು ಹೊರಡುವ ಬಂದರುಗಳಲ್ಲಿ ತಕಮತ್ಸು ಒಂದು. ಆ ಊರಿನ ನ್ಯಾಯಾಲಯ 1933ರಲ್ಲಿ ಇಬ್ಬರು ಬುರಾಕು ತರುಣರಿಗೆ ಶಿಕ್ಷೆ ಕೊಟ್ಟಿತು. ತಮ್ಮ ಹುಟ್ಟು ಹೇಳದೆ ಹೆಣ್ಣೊಬ್ಬಳನ್ನು ಮದುವೆಗೆ ಒಪ್ಪಿಸಿದ್ದೇ ಅಪರಾಧವಾಯಿತು. "ಯಾರ ಪೈಕಿ" ಎಂಬ ಪ್ರಶ್ನೆ ಅಲ್ಲಿ ಕೋರ್ಟಿನ ಭಾಷೆಯಲ್ಲಿ ಬಂದಿತ್ತು. ಆದ್ದರಿಂದ ಹಡಗು ಹತ್ತುವ ನಮ್ಮವರು ಆ ಬಂದರಿನಲ್ಲಿ ಒಂದು ಗಳಿಗೆ ನಿಂತು ಇದನ್ನು ನೆನೆಯಬೇಕು.

ಇಲ್ಲಿಂದ ಎರಡನೆಯ ಪ್ರಶ್ನೆ ಶುರುವಾಗುತ್ತದೆ. ನೋಡುವವರ ಮೇಲಿನ ಋಣ ಏನು?

ನವೋಷಿಮಾದ ಇನ್ನೊಂದು ಮಗ್ಗುಲಲ್ಲಿ 1917ರಿಂದ ಮಿತ್ಸುಬಿಷಿಯವರ ತಾಮ್ರ ಕರಗಿಸುವ ಕಾರ್ಖಾನೆ ಇದೆ. ಅದರ ಹೊಗೆಗೆ ಸುತ್ತಲ ಗುಡ್ಡದ ಮರಗಳು ಸತ್ತವು. ಪಕ್ಕದ ಟೇಷಿಮಾದ ಕತೆ ಇನ್ನೂ ಕೆಟ್ಟದ್ದು. ಕಂಪನಿಯೊಂದು ವರ್ಷಗಟ್ಟಲೆ ಅಲ್ಲಿ ಕಾರ್ಖಾನೆಗಳ ವಿಷದ ಕಸ ತಂದು ಸುರಿಯಿತು, ಸುಟ್ಟಿತು. 1990ರಲ್ಲಿ ಪೊಲೀಸರು ದಾಳಿ ಮಾಡಿದ ಮೇಲೆಯೇ ಅದು ನಿಂತದ್ದು. ಊರವರು ಬಿಡಲಿಲ್ಲ. ಮುದುಕರು ಮುದುಕಿಯರು ಸರಕಾರದ ಬಾಗಿಲಲ್ಲಿ ನಿಂತರು. 2000ದಲ್ಲಿ ಪ್ರಾಂತದ ಗವರ್ನರ್ ಅವರ ಮುಂದೆ ಕ್ಷಮೆ ಕೇಳಬೇಕಾಯಿತು. 9 ಲಕ್ಷ ಟನ್ನಿಗೂ ಹೆಚ್ಚಿನ ಕಸವನ್ನು 2003ರಿಂದ 2017ರವರೆಗೆ ಹಡಗಿನಲ್ಲಿ ನವೋಷಿಮಾಕ್ಕೆ ಸಾಗಿಸಿ ಕರಗಿಸಿದರು. ಈ ನಡುವೆ, 2010ರಲ್ಲಿ, ಟೇಷಿಮಾದ ಗದ್ದೆಗಳ ಪಕ್ಕದಲ್ಲಿ ಒಂದು ಕಂಬವೂ ಇಲ್ಲದ ಬಿಳಿ ಗುಮ್ಮಟ ಎದ್ದಿತು. ನೆಲದಿಂದ ಹನಿ ಹನಿ ನೀರು ಒಸರಿ ಉರುಳಾಡುತ್ತದೆ, ಮೇಲೆ ತೆರೆದ ಆಕಾಶ. ಒಳಗೆ ಹೋಗುವವರು ಯಾರೇ ಆಗಲಿ ಕಾಲಿನದನ್ನು ಹೊರಗೆ ಬಿಡಬೇಕು. ಗೌಡರ ಓಣಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದ ಹಿರಿಯರ ಮಕ್ಕಳು ನಾವು. ಎಲ್ಲರೂ ಒಂದೇ ಸಮ ಬಿಚ್ಚುವ ಆ ಬಾಗಿಲ ಬೆಲೆ ನಮಗೆ ಗೊತ್ತಾಗುತ್ತದೆ.

ಆದರೆ ಆ ಗುಮ್ಮಟದ ಹನಿಯನ್ನು ಮಾತ್ರ ನೋಡಿ, ಹೋರಾಡಿದ ಮುದುಕಿಯರನ್ನು ನೋಡದೆ ಬಂದರೆ ಅದು ಅರ್ಧ ಕುರುಡು. ಕಪ್ಪತಗುಡ್ಡದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲೂಕಿಗೆ ಹಬ್ಬಿದ ಗುಡ್ಡ ಅದು. 2011ರಲ್ಲಿ ಹಳ್ಳಿಗುಡಿಯ ಸುತ್ತ ಪೋಸ್ಕೊ ಕಾರ್ಖಾನೆಗೆ ಭೂಮಿ ಹಿಡಿಯಲು ಹೊರಟಾಗ ರೈತರು ಎದ್ದು ನಿಂತು ಅದನ್ನು ಹಿಂದೆ ಕಳಿಸಿದರು. ಗುಡ್ಡಕ್ಕೆ 2015ರಲ್ಲಿ ಕೊಟ್ಟ ಕಾವಲನ್ನು ಸರಕಾರ 2016ರಲ್ಲಿ ಕಿತ್ತುಕೊಂಡಿತು. ಜನ ಬೀದಿಗೆ ಬಂದ ಮೇಲೆ 2017ರಲ್ಲಿ ಮರಳಿ ಕೊಟ್ಟಿತು. 2019ರಲ್ಲಿ ವನ್ಯಜೀವಿಧಾಮ ಎಂದಿತು. ನಾಳೆ ಯಾರೋ ಬಂದು "ಆಹಾ, ಎಂಥಾ ಹಸಿರು" ಎಂದು ಫೋಟೋ ಹಿಡಿದುಕೊಂಡು ಹೋದರೆ ನಮಗೆ ಹೇಗಾದೀತು? ಟೇಷಿಮಾದವರಿಗೂ ಹಾಗೇ.

ಅದೇ ಸಮುದ್ರದಲ್ಲಿ ಓಷಿಮಾ ಎಂಬ ಇನ್ನೊಂದು ನಡುಗಡ್ಡೆ. 1909ರಿಂದ ಅದು ದೊಡ್ಡರೋಗದವರನ್ನು ತಂದು ಕೂಡಿಹಾಕುವ ಜಾಗ. ಔಷಧ ಬಂದು ರೋಗ ವಾಸಿಯಾದ ಮೇಲೂ ಕಾಯ್ದೆ ಅವರನ್ನು ಬಿಡಲಿಲ್ಲ. ಅದು ರದ್ದಾದದ್ದು 1996ರಲ್ಲಿ. ಅಷ್ಟೊತ್ತಿಗೆ ಹೋಗಲು ಮನೆಯಿಲ್ಲ, ಕರೆಯುವ ನೆಂಟರಿಲ್ಲ. ನಾವು ಬೀಗುವ ಕಾರಣವಿಲ್ಲ: ನಮ್ಮ ದೇಶದಲ್ಲಿ 2019ರ ತನಕ ಗಂಡ ಹೆಂಡತಿ ಬೇರೆಯಾಗಲು ಈ ರೋಗ ಕಾನೂನಿನ ಕಾರಣವಾಗಿತ್ತು. 2010ರಿಂದ ಮೂರು ವರ್ಷಕ್ಕೊಮ್ಮೆ ಈ ನಡುಗಡ್ಡೆಗಳಲ್ಲೆಲ್ಲ ಕಲೆಯ ಉತ್ಸವ ನಡೆಯುತ್ತದೆ, ಓಷಿಮಾದಲ್ಲೂ. ಮೊದಲ ಉತ್ಸವದಲ್ಲಿ ಅಲ್ಲಿ ಇಟ್ಟ ವಸ್ತುಗಳಲ್ಲಿ ಒಂದು, ಸತ್ತವರ ಹೆಣ ಕೊಯ್ಯುತ್ತಿದ್ದ ಮೇಜು. ದಂಡೆಯಲ್ಲಿ ಬಿಸಾಕಿದ್ದನ್ನು ಎತ್ತಿ ತಂದು ಎಲ್ಲರೆದುರು ಇಟ್ಟರು.

ಅಂಥಾ ಜಾಗಕ್ಕೆ ಟಿಕೀಟು ತೆಗೆಸಿ ನೋಡಲು ಹೋಗುವುದು ಧರ್ಮವೇ? ನೋವನ್ನು ತಮಾಷೆ ಮಾಡಿದಂತಲ್ಲವೇ? ಈ ಅನುಮಾನ ನ್ಯಾಯವಾದದ್ದು. ಆದರೆ ಯಾರೂ ಹೋಗದೆ ಇದ್ದರೆ ಏನಾಗುತ್ತದೆ? ತೊಂಬತ್ತು ವರ್ಷ ಯಾರೂ ಹೋಗಲಿಲ್ಲ. ಆ ಮೇಜು ಕೆಲಸ ಮಾಡಿದ್ದು ಆಗಲೇ. ಮುಟ್ಟದಿರುವುದಕ್ಕೂ ನೋಡದಿರುವುದಕ್ಕೂ ನಡುವೆ ಅಂತರ ಬಹಳ ಇಲ್ಲ. ಹೋಗಬೇಕು; ಹೋದವರು ಮಾತು ಕಡಿಮೆ ಮಾಡಬೇಕು, ಅಲ್ಲಿಯ ಮುದುಕರು ಹೇಳಿದರೆ ಕೇಳಬೇಕು, ಹೇಳದಿದ್ದರೆ ಕೆದಕಬಾರದು.

ನಮ್ಮ ಬದಿಯಲ್ಲೇ ಇದಕ್ಕೊಂದು ಪಾಠಶಾಲೆ ಇದೆ. ಲಕ್ಷ್ಮೇಶ್ವರದಿಂದ ಶಿಗ್ಗಾವಿ ಕಡೆ ಹೋದರೆ, ಹೆದ್ದಾರಿಯ ಮಗ್ಗುಲಲ್ಲಿ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. 2020ರಲ್ಲಿ ತೀರಿಕೊಂಡ ಕಲಾವಿದ ಟಿ. ಬಿ. ಸೊಲಬಕ್ಕನವರ, ದೊಡ್ಡಾಟ ಬಲ್ಲವರು, ಹಳ್ಳಿಯ ಬದುಕನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ. ರೈತರು, ಕಸುಬಿನವರು, ದನಕರು ಎಲ್ಲವೂ ಆಳೆತ್ತರ. ದುಡಿಯುವ ಮೈಯನ್ನು ಅಷ್ಟು ಪ್ರೀತಿಯಿಂದ ಕಂಡ ಕೈ ಅದು. ದೋಷವಿದ್ದರೆ ನೋಡುವವರ ಕಣ್ಣಿನಲ್ಲಿದೆ. ಸಿಮೆಂಟಿನ ಕೂಲಿಯವನ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಳ್ಳುವವರು, ಹೊರಗೆ ಉಸಿರಾಡುವ ಕೂಲಿಯವನ ಪಕ್ಕ ಬಸ್ಸಿನಲ್ಲಿ ಕೂಡುತ್ತಾರೆಯೇ? ಸಿಮೆಂಟಿನವನು ಕೂಲಿ ಕೇಳುವುದಿಲ್ಲ. ನೋಡುವುದರ ಸುಖವೂ ಮೋಸವೂ ಇದೇ.

ಹಾಗಾದರೆ ಸರಿಯಾಗಿ ನೋಡುವುದು ಹೇಗೆ? ನವೋಷಿಮಾದಲ್ಲೇ ಒಂದು ಹಳೆಯ ಮನೆ ಇದೆ, ಕದೋಯಾ. ಒಳಗೆ ಕತ್ತಲು, ನಡುವೆ ಮಡುವಿನಂತೆ ನೀರು, ನೀರಿನಲ್ಲಿ ಮಿನುಗುವ 125 ಅಂಕಿಗಳು. ಕಲಾವಿದ ತತ್ಸುವೊ ಮಿಯಾಜಿಮಾ 1998ರಲ್ಲಿ ಇದನ್ನು ಮಾಡುವಾಗ ಅಂಕಿಗಳ ವೇಗವನ್ನು ತಾನು ಗೊತ್ತುಮಾಡಲಿಲ್ಲ. ಊರಿನವರನ್ನು ಕರೆದ. 5 ವರ್ಷದ ಕೂಸಿನಿಂದ ಹಿಡಿದು 95ರ ಹಿರಿಯರ ತನಕ 125 ಮಂದಿ, ತಮ್ಮ ತಮ್ಮ ಅಂಕಿ ಎಷ್ಟು ಬೇಗ, ಎಷ್ಟು ನಿಧಾನ ಓಡಬೇಕೆಂದು ಹೇಳಿದರು. ಹೊರಗಿನಿಂದ ಬಂದವರು ಅವರು ಇಟ್ಟ ಹೊತ್ತಿನಲ್ಲೇ ನಿಂತು ನೋಡಬೇಕು. ನಾವು ಹುಡುಕುತ್ತಿದ್ದ ನೀತಿ ಇದೇ. ಒಬ್ಬರೇ ಹೋಗುವವರಿಗೆ ಅವಸರ ಪಡಿಸುವ ಗುಂಪಿಲ್ಲ, ಆದ್ದರಿಂದ ಅಲ್ಲಿಯವರ ಹೊತ್ತಿಗೆ ತನ್ನ ಹೊತ್ತನ್ನು ಹೊಂದಿಸಬಲ್ಲರು. ಒಬ್ಬರೇ ಹೋಗುವುದರ ನಿಜವಾದ ಲಾಭ ಇದು, ನಿಜವಾದ ಜವಾಬ್ದಾರಿಯೂ ಇದೇ.

ಗೆಳೆಯರೆ, ಜಪಾನು ದೂರ, ಟಿಕೀಟಿನ ರೊಕ್ಕ ಎಲ್ಲರ ಹತ್ತಿರ ಇಲ್ಲ. ಬೆಟಗೇರಿಯಿಂದ ಲಕ್ಕುಂಡಿಗೆ, ಮುಂಡರಗಿಯಿಂದ ಗದಗಿಗೆ, ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ ಬಸ್ಸು ಇವೆ. ಒಂದು ದಿನ ಒಬ್ಬರೇ ಹತ್ತಿರಿ. "ಯಾರ ಪೈಕಿ" ಎಂದು ಕೇಳಿದರೆ "ಕಲ್ಲು ಹೊತ್ತವರ ಪೈಕಿ" ಎನ್ನಿರಿ, ಮತ್ತೆ ನೋಡುತ್ತ ನಿಲ್ಲಿರಿ. ಸಂಜೆ ಕೇರಿಗೆ ಬಂದು, ಕಂಡದ್ದನ್ನು ಕೂಡಿದ ಮಂದಿಗೆ ಹೇಳಿರಿ. ಮುಂದಿನ ವಾರ ಇನ್ನೊಬ್ಬಳು ಹೊರಡಲಿ.