ಆಟದ ಬಯಲಿನಲ್ಲಿ ನಿಯಮ ಮತ್ತು ಯಮ



ಕಾಲೇಜಿನ ಕಾಲ್ಚೆಂಡಿನ ತಂಡಕ್ಕೆ ಸೇರಿದ ಮಗನನ್ನು ಕುರಿತು ಆರ್.ಟಿ. ನಗರದ ನಮ್ಮ ಶ್ರಾವಕರ ಮನೆಗಳಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ. “ಅಭಿಷೇಕಕ್ಕೆ ಏಳು ಎಂದರೆ ಏಳದವನು, ಕೋಚ್ ಬರಹೇಳಿದರೆಂದು ಐದು ಗಂಟೆಗೇ ಏಳುತ್ತಾನೆ. ಪರ್ವದ ದಿನವೂ ಒಂದು ರಸ ಬಿಡದವನು, ಪಂದ್ಯ ಹತ್ತಿರವಾಯಿತೆಂದು ಕರಿದ ತಿಂಡಿಯನ್ನು ಮುಟ್ಟುವುದಿಲ್ಲ. ಇದಕ್ಕೇನು ಹೇಳುವುದು?” ಈ ದೂರಿನಲ್ಲಿ ನೋವಿದೆ. ಆದರೆ ಮಗನನ್ನು ಗದರಿಸುವ ಮೊದಲು, ನಾವು ವರ್ಷಗಟ್ಟಲೆ ಹೇಳಿಯೂ ಹಿಡಿಸಲಾರದ ನಿಯಮವನ್ನು ಆ ತರಬೇತುದಾರನು ಹೇಗೆ ಹಿಡಿಸಿದನು ಎಂಬುದನ್ನು ವಿಚಾರಿಸುವುದು ಯುಕ್ತ.

ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ತ್ಯಾಗವನ್ನು ಎರಡು ಬಗೆಯಾಗಿ ಹೇಳಿದ್ದಾರೆ. ಕಾಲದ ಮಿತಿಯಿಟ್ಟು ಕೈಗೊಂಡದ್ದು ನಿಯಮ. ಜೀವವಿರುವವರೆಗೆ ಹಿಡಿದದ್ದು ಯಮ. ತರಬೇತುದಾರನು ಕೊಡುವುದೆಲ್ಲವೂ ನಿಯಮವೇ. ಇಷ್ಟು ಹೊತ್ತಿಗೆ ಏಳಬೇಕು, ಇಷ್ಟು ಹೊತ್ತಿಗೆ ಮಲಗಬೇಕು, ಇಂಥದನ್ನು ತಿನ್ನಬಾರದು, ತೀರ್ಪುಗಾರನಿಗೆ ಎದುರಾಡಬಾರದು. ಇವೆಲ್ಲ ಒಂದು ಋತುವಿನ ಪಂದ್ಯಗಳಿಗಾಗಿ. ಅವಧಿ ಕಿರಿದು, ಗುರಿ ಕಣ್ಣೆದುರಿಗಿದೆ, ಜೊತೆಗೆ ಹನ್ನೊಂದು ಮಂದಿ ಅದನ್ನೇ ಪಾಲಿಸುತ್ತಿದ್ದಾರೆ. ಆದ್ದರಿಂದ ಎಳೆಯ ಮನಸ್ಸಿಗೆ ಅದು ಹಿಡಿಸುತ್ತದೆ. ನಾವಾದರೋ ಮಗುವಿನ ಮುಂದೆ ಒಮ್ಮೆಗೇ ಯಮದ ಭಾರವನ್ನಿಡುತ್ತೇವೆ. ಅದೂ ಒಂಟಿಯಾಗಿ ಹೊರು ಎನ್ನುತ್ತೇವೆ.

ನಿಯಮವು ಒಂದು ತಂಡವನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ದೃಷ್ಟಾಂತವನ್ನು ನೋಡಿರಿ. ಅವರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. ಅವರು ತರಬೇತಿಯಿತ್ತ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಅವರು ಏರ್ಪಡಿಸುತ್ತಿದ್ದ ಎರಡು ಬಗೆಯ ಪಂದ್ಯಗಳು ವ್ರತಿಗಳು ಗಮನಿಸತಕ್ಕವು. ಒಂದರಲ್ಲಿ ಚೆಂಡನ್ನು ತನ್ನ ಕಾಲಿನಲ್ಲೇ ಇಟ್ಟುಕೊಂಡು ಎದುರಾಳಿಗಳನ್ನು ವಂಚಿಸಿ ಓಡುವುದಕ್ಕೆ ನಿಷೇಧ. ಬಂದ ಚೆಂಡನ್ನು ಜೊತೆಗಾರನಿಗೆ ಕೊಡಲೇಬೇಕು. ಇನ್ನೊಂದರಲ್ಲಿ ಬಲವಿರುವ ಕಾಲನ್ನು ಬಿಟ್ಟು ದುರ್ಬಲವಾದ ಕಾಲಿನಿಂದಲೇ ಆಡಬೇಕು.

ಚೆಂಡಿನೊಡನೆ ಓಡುವುದು ಆಟದಲ್ಲಿ ಅಪರಾಧವಲ್ಲ. ಆದರೂ ಅದನ್ನು ಕೆಲಕಾಲ ಬಿಡಿಸಿದರು. ಬಿಟ್ಟಾಗ “ನಾನು” ಎಂಬುದು ಹಿಂದೆ ಸರಿದು, ಪಕ್ಕದಲ್ಲಿ ಯಾರಿದ್ದಾರೆಂದು ನೋಡುವ ಕಣ್ಣು ತೆರೆಯುತ್ತದೆ. ಭೋಗೋಪಭೋಗ ಪರಿಮಾಣದಲ್ಲಿ ನಾವು ಮಾಡುವುದೂ ಇದನ್ನೇ. ಸೇವಿಸಲು ಅಡ್ಡಿಯಿಲ್ಲದ ವಸ್ತುವಿಗೂ ಮಿತಿಯನ್ನು ಹಾಕಿಕೊಳ್ಳುತ್ತೇವೆ. ಅದರಿಂದ ಬೇರೊಂದು ಶಕ್ತಿ ಎಚ್ಚರಗೊಳ್ಳುತ್ತದೆ. ಬಲಗಾಲಿಗೆ ಬಿಡುವು ಕೊಟ್ಟಾಗ ಎಡಗಾಲು ಬಲಿಯುವಂತೆ, ನಾಲಗೆಗೆ ಬಿಡುವು ಕೊಟ್ಟಾಗ ಮನಸ್ಸು ಬಲಿಯುತ್ತದೆ.

1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟಕ್ಕೆ ಭಾರತ ತಂಡವನ್ನು ಕರೆದೊಯ್ದವರೂ ರಹೀಮರೇ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯಾದೆದುರು 2–0ರಿಂದ ಸೋತ ತಂಡ, ಅದೇ ಕೊರಿಯಾವನ್ನು ಅಂತಿಮ ಪಂದ್ಯದಲ್ಲಿ 2–1ರಿಂದ ಗೆದ್ದು ಚಿನ್ನವನ್ನು ಪಡೆಯಿತು. ಹಿಂದೆ ನಿಂತು ಗೋಲನ್ನು ಕಾಯುತ್ತಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದರು. ಅವರನ್ನು ಗುರು ಮುಂದಿನ ಸಾಲಿನಲ್ಲಿ ಆಡೆಂದರು. ಅವರು ಆಡಿದರು, ಅಂತಿಮ ಪಂದ್ಯದಲ್ಲಿ ಗೋಲನ್ನೂ ಹೊಡೆದರು. ಅಂತರಂಗ ತಪಸ್ಸುಗಳಲ್ಲಿ ವಿನಯಕ್ಕೆ ಸ್ಥಾನವೇಕೆಂದು ಇಂಥಲ್ಲಿ ತಿಳಿಯುತ್ತದೆ. ಆ ಹೊತ್ತಿಗೆ ಕ್ಯಾನ್ಸರ್ ರೋಗದಿಂದ ಬಳಲುತ್ತಿದ್ದ ರಹೀಮರು 1963ರಲ್ಲಿ ತೀರಿಕೊಂಡರು.

ನಮ್ಮ ನಗರದಲ್ಲೇ ಇನ್ನೊಂದು ದೃಷ್ಟಾಂತವಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತಂಡವು ಮೊದಲ ವರ್ಷದಲ್ಲೇ, 2013–14ರ ಐ-ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಅಂದಿನ ತರಬೇತುದಾರರಾದ ಇಂಗ್ಲೆಂಡಿನ ಆಶ್ಲೀ ವೆಸ್ಟ್‌ವುಡ್ ಊಟ ಮತ್ತು ದೇಹದಾರ್ಢ್ಯಗಳ ವಿಷಯದಲ್ಲಿ ಕಟ್ಟುನಿಟ್ಟಿನವರೆಂದು ಹೆಸರಾದವರು. ಪಂದ್ಯ ನಡೆಯುವುದು ತೊಂಬತ್ತು ನಿಮಿಷ; ಅದರ ಸಿದ್ಧತೆ ಉಳಿದ ದಿನವೆಲ್ಲ ತಟ್ಟೆಯ ಮುಂದೆ, ಹಾಸಿಗೆಯ ಮೇಲೆ. ಉಪವಾಸವೂ ಹೀಗೆಯೇ. ಪ್ರೋಷಧೋಪವಾಸ ಮಾಡುವವನಿಗೆ ಚತುರ್ದಶಿಯ ವ್ರತವು ತ್ರಯೋದಶಿಯ ಏಕಭುಕ್ತದಿಂದಲೇ ಆರಂಭವಾಗುತ್ತದೆಯಷ್ಟೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಶಿಸ್ತೆಲ್ಲವೂ ತಪಸ್ಸಲ್ಲ. ಕಳ್ಳನೂ ರಾತ್ರಿ ನಿದ್ದೆಗೆಟ್ಟು ಹೊತ್ತಿಗೆ ಸರಿಯಾಗಿ ಹೊರಡುತ್ತಾನೆ; ಅದರಿಂದ ಕರ್ಮನಿರ್ಜರೆಯಾಗುವುದಿಲ್ಲ. ಗೆಲ್ಲಬೇಕೆಂಬ ಛಲವು ಎದುರಾಳಿಯ ಮೇಲಿನ ದ್ವೇಷವಾದರೆ ಕ್ರೋಧ, ಗೆದ್ದ ಮೇಲೆ ಬೀಗಿದರೆ ಮಾನ, ತೀರ್ಪುಗಾರನ ಕಣ್ಣು ತಪ್ಪಿಸಿದರೆ ಮಾಯೆ. ದಂಡಕ್ಕೆ ಹೆದರಿ ಪಾಲಿಸಿದ ಶಿಸ್ತು ಋತುವಿನೊಡನೆ ಮುಗಿಯುತ್ತದೆ. ಕೊನೆಯ ಪಂದ್ಯದ ಮರುದಿನ ಹುಡುಗನು ಎಂಟು ಗಂಟೆಗೆ ಏಳುತ್ತಾನೆ. ಯಾರೂ ನೋಡದಿದ್ದಾಗಲೂ ಪಾಲಿಸಿದ್ದು ಮಾತ್ರ ಅವನದಾಗಿ ಉಳಿಯುತ್ತದೆ. ನೆರೆಹೊರೆಯವರ ಹೊಗಳಿಕೆಗಾಗಿ ಉಪವಾಸ ಮಾಡುವ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಮನೆಯವರು ಮಾಡಬೇಕಾದುದೇನು? ಮೊದಲನೆಯದು, ರಾತ್ರಿಭೋಜನ ತ್ಯಾಗ. ಬೆಂಗಳೂರಿನಲ್ಲಿ ಸೂರ್ಯಾಸ್ತವು ನವೆಂಬರಿನ ಕೊನೆಗೆ 5-50ರ ಸುಮಾರಿಗೂ ಜುಲೈ ಮೊದಲಿಗೆ 6-50ರ ಸುಮಾರಿಗೂ ಆಗುತ್ತದೆ. ಸಂಜೆಯ ಅಭ್ಯಾಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಕತ್ತಲೆ. ಆದ್ದರಿಂದ ಹುಡುಗನ ಚೀಲದಲ್ಲಿ ಅವಲಕ್ಕಿ, ಬಾಳೆಹಣ್ಣು, ಹುರಿಗಡಲೆ, ಸೋಸಿದ ನೀರು ಇರಲಿ. ಅಂತಥವು ಮೀರುವ ಮುನ್ನ ಬಯಲಿನ ಅಂಚಿನಲ್ಲೇ ತಿನ್ನಲಿ. ಎರಡನೆಯದು, ತನ್ನ ವ್ರತಗಳನ್ನು ತರಬೇತುದಾರನಿಗೆ ಮೊದಲ ದಿನವೇ ತಿಳಿಸಲಿ. ಮೊಟ್ಟೆ ತಿನ್ನೆಂದ ಮೇಲೆ ಮುಖ ಸಿಂಡರಿಸುವುದಕ್ಕಿಂತ, ಮುಂಚೆಯೇ ವಿನಯದಿಂದ ಹೇಳುವುದು ಲೇಸು. ಶಿಸ್ತನ್ನು ಬಲ್ಲ ಗುರು, ಶಿಷ್ಯನು ಹಿಡಿದ ನಿಯಮವನ್ನು ಗೌರವಿಸುತ್ತಾನೆ. ಒಂದು ವೇಳೆ ಗೌರವಿಸದಿದ್ದರೆ, ಬಿಡಬೇಕಾದುದು ತಂಡದ ಸ್ಥಾನವೇ ಹೊರತು ವ್ರತವಲ್ಲ.

ಮೂರನೆಯದು, ಶಕ್ತಿಯನ್ನರಿತು ನಡೆಯುವುದು. ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಎಂದೇ ಹೇಳಿದೆ. ನೀರನ್ನೂ ಬಿಟ್ಟ ದಿನ ಬಿಸಿಲಿನಲ್ಲಿ ಪಂದ್ಯವಾಡಿ ಕುಸಿದುಬೀಳುವುದು ತಪಸ್ಸಿನ ಲಕ್ಷಣವಲ್ಲ. ಅನಂತ ಚತುರ್ದಶಿಯಂದು ಉಪವಾಸವಿದ್ದರೆ ಆ ದಿನ ಆಟಕ್ಕೆ ರಜೆಯನ್ನು ಮೊದಲೇ ಕೇಳಲಿ. ರಜೆ ದೊರೆಯದಿದ್ದರೂ ಉಪವಾಸವಿದ್ದು ಬಯಲಿಗಿಳಿಯುವುದು ಬೇಡ. ದಶಲಕ್ಷಣದ ಉಳಿದ ದಿನಗಳಲ್ಲಿ ರಸಪರಿತ್ಯಾಗ, ಅವಮೌದರ್ಯಗಳು ಅವನಿಗೆ ಸಾಕು. ಅವೂ ಬಾಹ್ಯ ತಪಸ್ಸಿನ ಆರು ಭೇದಗಳೊಳಗೇ ಸೇರಿವೆ.

ಒಂದು ಋತು ಐದು ಗಂಟೆಗೆ ಎದ್ದವನಿಗೆ, “ಅದೇ ಹೊತ್ತಿನಲ್ಲಿ ಹದಿನೈದು ನಿಮಿಷ ಸಾಮಾಯಿಕಕ್ಕೂ ಕೊಡು, ಒಂದು ತಿಂಗಳು ಮಾತ್ರ” ಎಂದು ಹೇಳಿನೋಡಿ. ತಂದೆಯೂ ಜೊತೆಗೆ ಕುಳಿತುಕೊಳ್ಳಲಿ. ತಿಂಗಳು ಕಳೆದ ಮೇಲೆ ಇನ್ನೊಂದು ತಿಂಗಳಿಗೆ ಬೆಳೆಸಲಿ. ತರಬೇತುದಾರನು ಉತ್ತು ಹದಮಾಡಿದ ಹೊಲ ಅದು. ಬೀಜ ಬಿತ್ತುವ ಹೊಣೆ ಮನೆಯದು. ನಿಯಮವು ಯಮವಾಗಿ ಬೆಳೆಯುವುದು ಹೀಗೆಯೇ.

ಎಲ್ಲರಿಗೂ ಸದ್ಧರ್ಮವೃದ್ಧಿಯಾಗಲಿ.