ಪದಕ ಯಾರ ಕೊರಳಿಗೆ?

ವೈದ್ಯನಲ್ಲದ, ಔಷಧಿಯೊಂದನ್ನೂ ಕಂಡುಹಿಡಿಯದ ಸಂಖ್ಯಾಶಾಸ್ತ್ರಜ್ಞನಿಗೆ ಕ್ಯಾನ್ಸರ್ ಸಂಶೋಧನೆಯ ಚಿನ್ನದ ಪದಕವೇಕೆ? 1990ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕ್ಯಾನ್ಸರ್ ಸಂಶೋಧನಾ ಪ್ರತಿಷ್ಠಾನದ ಕೆಟರಿಂಗ್ ಪ್ರಶಸ್ತಿ ಬ್ರಿಟನ್ನಿನ ಡೇವಿಡ್ ಕಾಕ್ಸ್ ಅವರಿಗೆ ಸಂದಿತು. ತಾರುಣ್ಯದಲ್ಲಿ ಅವರು ದುಡಿದದ್ದು ಲೀಡ್ಸಿನ ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ. ಎಳೆಗಳ ಲೆಕ್ಕದಿಂದ ಆಯುಸ್ಸಿನ ಲೆಕ್ಕಕ್ಕೆ ಬಂದವರು. ಕತೆ ಬರೆಯುವ ನಮಗೆ ಈ ಹೋಲಿಕೆ ಹಿತವೆನಿಸುತ್ತದೆ, ಆದರೆ ವಿಷಯ ಅದಲ್ಲ.

1972ರಲ್ಲಿ ಅವರು ಒಂದು ವಿಧಾನವನ್ನು ಪ್ರಕಟಿಸಿದರು. ಒಬ್ಬ ರೋಗಿಗೆ ಕಾಯಿಲೆ ಮರುಕಳಿಸಿದಾಗ ಅದು ಕೇಳುವುದಿಷ್ಟೇ: ಈ ಹೊತ್ತಿನವರೆಗೆ ಚೆನ್ನಾಗಿದ್ದವರು ಯಾರು ಯಾರು? ಅವರಲ್ಲಿ ಇವನಿಗೇ ಏಕೆ ಬಂತು? ಔಷಧಿಯ ವ್ಯತ್ಯಾಸವೋ, ವಯಸ್ಸೋ, ರಕ್ತದ ಸ್ಥಿತಿಯೋ? ಅಧ್ಯಯನ ಮುಗಿದಾಗಲೂ ಚೆನ್ನಾಗಿದ್ದವರನ್ನು ಅದು ಕೈಬಿಡುವುದಿಲ್ಲ. ಅವರು ಕೊಟ್ಟಷ್ಟು ದಿನಗಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ.

ಆ ಲೇಖನದಲ್ಲಿ ಉದಾಹರಣೆಯಾಗಿ ಬಂದದ್ದು ರಕ್ತಕ್ಯಾನ್ಸರಿನ 42 ಎಳೆಯ ರೋಗಿಗಳ ಅಂಕಿಗಳು. 1963ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ್ದ ಪ್ರಯೋಗವದು. ಚಿಕಿತ್ಸೆಯಿಂದ ರೋಗ ಹಿಂದೆ ಸರಿದಿದ್ದವರನ್ನು ಇಬ್ಬಿಬ್ಬರಂತೆ ಜೋಡಿ ಮಾಡಿ, ಒಬ್ಬರಿಗೆ 6-ಮರ್ಕ್ಯಾಪ್ಟೊಪ್ಯೂರಿನ್, ಇನ್ನೊಬ್ಬರಿಗೆ ಔಷಧಿಯಂತೆಯೇ ಕಾಣುವ ಸಪ್ಪೆ ಗುಳಿಗೆ ಕೊಟ್ಟರು. ಗುಳಿಗೆ ಪಡೆದ 21 ಮಂದಿಗೂ ರೋಗ ಮರುಕಳಿಸಿತು: ಒಂದು ವಾರಕ್ಕೆ, ಒಂದು ವಾರಕ್ಕೆ, ಎರಡಕ್ಕೆ, ಎರಡಕ್ಕೆ, ಮೂರಕ್ಕೆ... ಔಷಧಿ ಪಡೆದ 21 ಮಂದಿಯಲ್ಲಿ 12 ಮಂದಿಗೆ ಲೆಕ್ಕ ಮುಗಿಯುವವರೆಗೂ ಮರುಕಳಿಸಿರಲಿಲ್ಲ.

ಗುಳಿಗೆ ಕೊಟ್ಟದ್ದು ಕ್ರೌರ್ಯವೇ? ಹಾಗೆಂದು ತಟ್ಟನೆ ಹೇಳಲು ಮನಸ್ಸಾಗುತ್ತದೆ. ಆದರೆ ರೋಗ ಹಿಂದೆ ಸರಿದ ಮೇಲೂ ಔಷಧಿ ಕೊಡುತ್ತಿದ್ದರೆ ಒಳಿತೇ ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ಒಂದೊಂದು ಜೋಡಿಯ ಫಲ ಬಂದಂತೆ ಎಣಿಸುತ್ತಾ ಹೋಗಿ, ಉತ್ತರ ಸ್ಪಷ್ಟವಾದ ಕೂಡಲೇ ಪ್ರಯೋಗವನ್ನು ನಿಲ್ಲಿಸಿದರು. 21 ಜೋಡಿಗಳಲ್ಲಿ 18ರಲ್ಲಿ ಔಷಧಿಯೇ ಮೇಲಾಗಿತ್ತು. ಇಪ್ಪತ್ತೆರಡನೆಯ ಜೋಡಿಯಲ್ಲಿ ಸಪ್ಪೆ ಗುಳಿಗೆ ಸಿಗಬೇಕಾಗಿದ್ದ ಮಗುವನ್ನು ಉಳಿಸಿದ್ದು ಎಣಿಕೆಯೇ. ಹಾಗಾಗಿ ಎಣಿಸುವವನಿಗೆ ಪದಕವೇಕೆ ಎಂಬ ಪ್ರಶ್ನೆಯನ್ನು ನಾವು ಹಿಂದಕ್ಕೆ ಪಡೆಯುತ್ತೇವೆ.

ಆದರೂ ಮನಸ್ಸು ಅಲ್ಲಿಗೆ ನಿಲ್ಲದು. ಆ ಔಷಧಿಯನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಹಂಚಿಕೊಂಡವರಲ್ಲಿದ್ದರು. ಕಾಕ್ಸ್ ಅವರಿಗೆ ನೈಟ್ ಪದವಿ 1985ರಲ್ಲೇ ಬಂದಿತ್ತು. 2017ರಲ್ಲಿ, ತೊಂಬತ್ತು ದಾಟಿದ ಮೇಲೆ, ಸಂಖ್ಯಾಶಾಸ್ತ್ರದ ಮೊಟ್ಟಮೊದಲ ಅಂತಾರಾಷ್ಟ್ರೀಯ ಬಹುಮಾನವೂ ಬಂತು. 2022ರಲ್ಲಿ ಅವರು ತೀರಿಕೊಂಡರು. ಆ 42 ಮಂದಿಗೆ ಹೆಸರೂ ಇಲ್ಲ. ಇರಲೂಬಾರದು, ಏಕೆಂದರೆ ಗೋಪ್ಯತೆ ರೋಗಿಯ ಹಕ್ಕು. ಹೆಸರಿಡಿದು ಕರೆಯಲಾಗದವರನ್ನು ಗೌರವಿಸುವುದು ಹೇಗೆ? ಅವರು ಬಿಟ್ಟುಹೋದ ಒಂದು ವಾರವನ್ನೂ ವ್ಯರ್ಥಮಾಡದೆ ಪ್ರಾಮಾಣಿಕವಾಗಿ ಎಣಿಸುವುದರ ಹೊರತು ಬೇರೆ ದಾರಿ ನಮಗೆ ತೋರುತ್ತಿಲ್ಲ. ಕಾಕ್ಸ್ ಮಾಡಿದ್ದು ಅದನ್ನೇ.

ಆ ಎರಡು ಸಾಲು ಅಂಕಿಗಳು ಸಂಖ್ಯಾಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಅಚ್ಚಾಗುತ್ತಿವೆ. ಅಭ್ಯಾಸಕ್ಕೆಂದು ಕೊಟ್ಟ ಲೆಕ್ಕ ಅದು. ವಿದ್ಯಾರ್ಥಿ ಮೊದಲು ಬರೆದುಕೊಳ್ಳುವ ಅಂಕಿ ಒಂದು, ಮತ್ತೆ ಒಂದು.